ಬೆಳಗಿನ ಮಾತ್ರೆ ಕೊಡುವವರು

ಅಕ್ಟೋಬರ್ 14, ಮಂಗಳವಾರ

ಹದಿನೇಳನೇ ಸಾಲು ಮತ್ತೆ ಮಾಯ. ಎರಡನೇ ಸಲ.

ನಿನ್ನೆ ಸಂಜೆ ನಾನೇ ಬರೆದದ್ದು. ಕಾಲೇಜಿನ ಪ್ರಾಜೆಕ್ಟೆಂದು ವೃದ್ಧರ ಹಗಲು-ಕೇಂದ್ರಕ್ಕೆ ಮಾಡಿಕೊಡಬೇಕಾದ ಸಾಫ್ಟ್‌ವೇರ್. ಅಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಏನೇನು ಬೇಕು ಎಂಬ ಪಟ್ಟಿ, ಜೊತೆಗೆ ಒಬ್ಬೊಬ್ಬರಿಗೂ ಒಂದೊಂದು ಕಡ್ಡಿಗೊಂಬೆ ಇರುವ ಚಿತ್ರ. 17: ‘ಬೆಳಗಿನ ಮಾತ್ರೆ ಕೊಡುವವರು ಆಯಾ ಹಾನ್. ನರ್ಸ್ ಹನ್ನೊಂದಕ್ಕೆ ಬಂದು ಸಹಿ ಹಾಕುತ್ತಾರೆ.’ ಕಣ್ಣಾರೆ ನೋಡಿ ಬರೆದದ್ದು. ಬೆಳಗ್ಗೆ ಸೋಯಾ ಹಾಲು ಕುಡಿಯುತ್ತ ಫೋನ್ ತೆರೆದರೆ ಆ ಸಾಲೇ ಇಲ್ಲ. ಚಿತ್ರದಲ್ಲಿ ಹಾನ್ ಆಂಟಿಯ ಕಡ್ಡಿಗೊಂಬೆಯೂ ಇಲ್ಲ. ನಿರ್ದೇಶಕಿ, ನರ್ಸ್, ವ್ಯಾನ್ ಡ್ರೈವರ್... ಮೂರೇ ಗೊಂಬೆ.

ಗ್ರೂಪಿನಲ್ಲಿ ನಾವು ಮೂವರು. ನಾನು ಲೀಡರ್. ಚಿತ್ರ ಬಿಡಿಸುವವನು ಬೋ-ಯೆನ್. ಟೈಪ್ ಮಾಡುವವಳು ಸು-ಯಿಂಗ್. ಮೂವರಿಗೂ ಒಂದೇ ಲಾಗಿನ್ — ಬೋ-ಯೆನ್‌ನ ಸೋಮಾರಿತನ. ಅಳಿಸಿದ್ದು ಯಾರೆಂದು ತಿಳಿಯುವುದು ಹೇಗೆ?

ಕಳೆದ ವರ್ಷ ಇದೇ ವಿಷಯದಲ್ಲಿ ಫೇಲ್ ಆಗಿದ್ದೇನೆ. ಗ್ರೂಪಿನವನೊಬ್ಬ ಕೊನೆಯ ದಿನ ನಕಲು ಹೊಡೆದು ಸೇರಿಸಿದ, ಲೀಡರ್ ಎಂದು ನನ್ನ ತಲೆಗೇ ಬಂತು. ಈ ಸಲವೂ ಹೋದರೆ ಪದವಿ ಒಂದು ವರ್ಷ ಮುಂದಕ್ಕೆ. ಯಾವ ಹುತ್ತದಲ್ಲಿ ಯಾವ ಹಾವೋ.

ಅಕ್ಟೋಬರ್ 16

ಲ್ಯಾಬಿನಲ್ಲಿ ಕೇಳಿಯೇ ಬಿಟ್ಟೆ. ‘ಯಾರೋ ಪಟ್ಟಿಗೆ ಕೈ ಹಾಕ್ತಿದಾರೆ.’

ಬೋ-ಯೆನ್ ನಕ್ಕ. ‘ಲೀಡರಮ್ಮಾ, ಒಂದು ಸಿಸಿಟಿವಿ ಹಾಕಿಸ್ಬಿಡಿ. ನನ್ನ ಊಟದ ಡಬ್ಬಿ ಕಡೆಗೂ ಸ್ವಲ್ಪ ತಿರುಗಿಸಿ.’

ಸು-ಯಿಂಗ್ ಮಾತ್ರ ನಗಲಿಲ್ಲ. ‘ಹದಿನೇಳನ್ನ ನಾನಂತೂ ಮುಟ್ಟಿಲ್ಲ,’ ಅಂದಳು. ಹದಿನೇಳು ಎಂದು ನಾನೆಲ್ಲಿ ಹೇಳಿದ್ದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಸಾಲನ್ನು ಮತ್ತೆ ಬರೆದೆ. ಎಲ್ಲರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿದೆ. ‘ಕಾಲೇಜಿನ ನಿಯಮ,’ ಅಂದೆ. ಸುಳ್ಳು.

ಅಕ್ಟೋಬರ್ 23

ಸಿಕ್ಕಿದಳು. ಬೆಳಗ್ಗೆ 8:40. ಸಾಲು 17 ಅಳಿಸಿದವರು: ಸು-ಯಿಂಗ್.

ಖುಷಿಯಾಯಿತು.

ಅಕ್ಟೋಬರ್ 24

ಮಧ್ಯಾಹ್ನ ಟರ್ಕಿ ಕೋಳಿಯ ಅನ್ನದಂಗಡಿಯಲ್ಲಿ ಎದುರಿಗೆ ಕೂರಿಸಿಕೊಂಡು ಫೋನ್ ತೋರಿಸಿದೆ. ಸು-ಯಿಂಗ್ ಚಾಪ್‌ಸ್ಟಿಕ್ ಕೆಳಗಿಟ್ಟಳು.

‘ಹಾನ್ ಆಂಟಿ ನಮ್ಮಮ್ಮ ಕಣೇ.’

‘ನಿಮ್ಮಮ್ಮ ಬಟ್ಟೆ ಅಂಗಡೀಲಿ ಇದಾರೆ ಅಂದಿದ್ದೆ.’

‘ಕೇಳಿದೋರಿಗೆಲ್ಲ ಹಂಗೇ ಹೇಳೋದು. ವಿಯೆಟ್ನಾಂನೋಳು, ಮುದುಕರ ಮೈ ಒರೆಸ್ತಾಳೆ ಅಂತ ಸ್ಕೂಲಲ್ಲಿ ಆಡ್ಕೊಳ್ತಿದ್ರು.’ ಧ್ವನಿ ತಗ್ಗಿಸಿದಳು. ‘ಮಾತ್ರೆ ಕೊಡೋದು ನರ್ಸ್ ಮಾತ್ರ, ಅದು ಅಲ್ಲಿನ ರೂಲ್ಸು. ನರ್ಸ್ ಬರೋದೇ ಹನ್ನೊಂದಕ್ಕೆ. ಡೈರೆಕ್ಟರ್ ಮೇಡಂ ಬಾಯಲ್ಲಿ ಹೇಳಿ ಅಮ್ಮನ ಕೈಲಿ ಕೊಡಿಸ್ತಾರೆ. ಬರಹದಲ್ಲಿ ಬಂತೋ, ಅವರು ಕೈ ತೊಳ್ಕೋತಾರೆ, ಅಮ್ಮನ ಕೆಲ್ಸ ಹೋಗತ್ತೆ. ಆ ಒಂದು ಸಾಲು ಬಿಟ್ಬಿಡು, ದಮ್ಮಯ್ಯ.’

ಅಷ್ಟು ನೀಟಾದ ಕಥೆ. ನಂಬಲೋ ಬೇಡವೋ.

ಪ್ರೊಫೆಸರ್ ಲಿಯಾವ್ ಮೊದಲ ದಿನವೇ ಹೇಳಿದ್ದರು: ‘ಹೇಗಿರಬೇಕು ಅಂತ ಬರೀಬೇಡಿ, ಹೇಗಿದೆ ಅಂತ ಬರೀರಿ. ನಾನೇ ಹೋಗಿ ನೋಡ್ತೀನಿ. ಮುಚ್ಚಿಟ್ಟಿದ್ದು ಸಿಕ್ಕಿದ್ರೆ ಇಡೀ ಗ್ರೂಪು ಫೇಲ್.’ ಫೇಲಾದರೆ, ನನಗಿಂತ ಒಂದು ವರ್ಷ ಹಿಂದಿರುವ ಸು-ಯಿಂಗ್‌ಗೆ ಮುಂದಿನ ವರ್ಷ ಇದೆ. ನನಗೆ?

ನವೆಂಬರ್ 4

ಕೇಂದ್ರಕ್ಕೆ ಒಬ್ಬಳೇ ಹೋದೆ. ಯಾರಿಗೂ ಹೇಳಲಿಲ್ಲ.

ಹಾನ್ ಆಂಟಿ ಅಜ್ಜನೊಬ್ಬನಿಗೆ ಸ್ವೆಟರ್ ಹಾಕುತ್ತಿದ್ದರು. ‘ತೋಳು ಹಾಕು ರಾಜ, ಇಲ್ದಿದ್ರೆ ನಿನ್ನ ಗೆಳತಿಗೆ ಹೇಳ್ಬಿಡ್ತೀನಿ.’ ಅಜ್ಜ ಬೊಚ್ಚುಬಾಯಿ ಬಿಟ್ಟು ನಕ್ಕ. ಮುಖ ನೋಡಿದೆ. ಸು-ಯಿಂಗ್‌ಳ ಮೂಗೂ ಇಲ್ಲ, ಕಣ್ಣೂ ಇಲ್ಲ.

‘ಆಂಟಿ, ಮಕ್ಕಳೆಷ್ಟು?’

ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿದರು. ‘ಇಬ್ಬರು. ಗಂಡುಮಕ್ಕಳು. ಊರಲ್ಲಿದಾರೆ.’

‘ಮಗಳು?’

‘ಇಲ್ಲಮ್ಮ. ಮಗಳಿಲ್ಲ.’

ಸಾಕು. ಒಂದಲ್ಲ ಎರಡು ಸಲ ಕೇಳಿದ್ದೇನೆ. ಆ ಹುಡುಗಿ ಅಮ್ಮನ ಹೆಸರಲ್ಲೇ ಸುಳ್ಳು ಹೇಳಿದ್ದಾಳೆ. ಯಾಕೆ? ನನ್ನನ್ನು ಕೆಡವಿ ಲೀಡರ್ ಆಗುವ ಆಸೆಯೋ ಏನೋ. ಸ್ಕೂಟರಿನಲ್ಲಿ ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ.

ಹದಿನೇಳು ಮತ್ತೆ ಸೇರಿತು. ಕಡ್ಡಿಗೊಂಬೆಯೂ. ಸರ್‌ಗೆ ಕಳಿಸಿ, ಇನ್ಯಾರೂ ತಿದ್ದದ ಹಾಗೆ ಫೈಲಿಗೆ ಬೀಗ ಹಾಕಿದೆ. ಸಹಿಗೆಂದು ಒಂದು ಪ್ರತಿ ಕೇಂದ್ರಕ್ಕೂ ಹೋಗುತ್ತದೆ.

ಸು-ಯಿಂಗ್‌ಳನ್ನು ಒಂದು ಮಾತು ಕೇಳಬಹುದಿತ್ತು, ಅಮ್ಮನ ಜೊತೆಗಿನ ಫೋಟೋ ತೋರಿಸು ಎಂದು. ಕೇಳಲಿಲ್ಲ.

ನವೆಂಬರ್ 20

91 ಅಂಕ ಬಂದಿದೆ. ಸರ್ ಹದಿನೇಳನ್ನು ಕ್ಲಾಸಿನಲ್ಲಿ ಓದಿ ಹೇಳಿದರು. ‘ಕಣ್ಣು ಬಿಟ್ಟು ನೋಡೋದು ಅಂದ್ರೆ ಇದು.’ ಎಲ್ಲರೂ ತಿರುಗಿ ನೋಡಿದರು.

ಸು-ಯಿಂಗ್ ಬಂದಿರಲಿಲ್ಲ. ಮೂರು ದಿನದಿಂದ ಇಲ್ಲ. ಬೋ-ಯೆನ್ ನನ್ನ ಜೊತೆ ತಮಾಷೆ ಮಾಡುವುದನ್ನು ನಿಲ್ಲಿಸಿದ್ದಾನೆ. ಇವನಿಗೆ ಏನು ಗೊತ್ತು?

ಡಿಸೆಂಬರ್ 2

ಸಾಫ್ಟ್‌ವೇರಿನ ಮಾದರಿ ತೋರಿಸಲು ಕೇಂದ್ರಕ್ಕೆ ಹೋಗಿದ್ದೆ. ಅಜ್ಜ ಸ್ವೆಟರ್ ಕೈಯಲ್ಲಿ ಹಿಡಿದು ಕೂತಿದ್ದ. ಆಯಾ ಬೇರೆ.

ನಿರ್ದೇಶಕಿ ಷೀ ಮೇಡಂ ಟೀ ಕೊಟ್ಟರು. ‘ನಿಮ್ಮ ವರದಿಯಿಂದ ಒಳ್ಳೇದಾಯ್ತಮ್ಮ. ಆಕೆ ಮಾತ್ರೆ ಕೊಡ್ತಿದ್ದದ್ದು ನಮ್ಗೆ ಗೊತ್ತೇ ಇರ್ಲಿಲ್ಲ ನೋಡಿ. ಕಳಿಸಿಬಿಟ್ವಿ.’

ಗೊತ್ತೇ ಇರಲಿಲ್ಲವಂತೆ. ಅವರ ಮೇಜಿಗೂ ಮಾತ್ರೆ ಕಪಾಟಿಗೂ ಹತ್ತು ಹೆಜ್ಜೆ. ಟೀ ಕುಡಿದು ಮುಗಿಸಿದೆ.

ಹೊರಗೆ ಡ್ರೈವರ್ ವ್ಯಾನ್ ತೊಳೆಯುತ್ತಿದ್ದ. ‘ಹಾನ್ ಹೋದ್ಲಲ್ಲ, ಪಾಪ. ಮಗಳು ಬಂದು ಚಪ್ಪಲಿ, ಕೊಡೆ ತಗೊಂಡು ಹೋದ್ಲು. ನಿಮ್ಮ ಕಾಲೇಜಿನೋಳೇ. ದಪ್ಪ ಕನ್ನಡಕ.’

ಸು-ಯಿಂಗ್‌ಳದು ದಪ್ಪ ಕನ್ನಡಕ.

ಡಿಸೆಂಬರ್ 5

ಅವಳಿಗೆ ಮೆಸೇಜ್ ಬರೆದೆ. ಅಳಿಸಿದೆ. ಬರೆದೆ. ಅಳಿಸಿದೆ.

ಡಿಸೆಂಬರ್ 13, ಶನಿವಾರ

ಬೋ-ಯೆನ್ ಸು-ಯಿಂಗ್‌ಳ ಮನೆಯ ವಿಳಾಸ ಕೊಟ್ಟ. ಸೀಬೆಹಣ್ಣು ತೆಗೆದುಕೊಂಡು ಹೋದೆ. ತಪ್ಪಾಯಿತು ಎಂದು ನೇರವಾಗಿ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು... ಮೆಟ್ಟಿಲ ಮೇಲೆ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಬಾಗಿಲು ತೆಗೆದದ್ದು ಆಂಟಿ. ‘ಯಿಂಗ್, ನಿನ್ ಫ್ರೆಂಡ್ ಬಂದಿದಾಳೆ. ಬಾಮ್ಮ ಒಳಗೆ, ಹೊರಗೆ ಗಾಳಿ.’

ಕೂರಿಸಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡರು.

‘ಆವತ್ತು ಮಗಳಿಲ್ಲ ಅಂತ ಸುಳ್ಳು ಹೇಳ್ಬಿಟ್ಟೆ ಕಣಮ್ಮ. ಬೇಜಾರು ಮಾಡ್ಕೋಬೇಡ. ಕೈಲಿ ಪುಸ್ತಕ ಇಟ್ಕೊಂಡು ಕೇಳಿದ್ಯಲ್ಲ, ಮೇಡಂ ಕಳಿಸಿದಾರೆ ಅಂದ್ಕೊಂಡೆ. ಗ್ರೂಪಲ್ಲಿ ನನ್ನ ಮಗಳಿದಾಳೆ ಅಂತ ಗೊತ್ತಾದ್ರೆ ಅವಳಿಗೂ ತೊಂದ್ರೆ ಅಂತ...’

‘ಆಂಟಿ, ಅದು—’

‘ಯಾರೋ ಅಜ್ಜನ ಮಗ ಮಾತ್ರೆ ವಿಷಯ ದೂರು ಕೊಟ್ಟನಂತೆ, ಅದಕ್ಕೇ ಕೆಲ್ಸ ಹೋಯ್ತು. ಯಿಂಗ್ ಎಲ್ಲ ಹೇಳಿದ್ಲು. ನಿಮ್ಮ ವರದೀಲಿ ನನ್ನ ಹೆಸ್ರು ಬರದಂಗೆ ನೀನೇ ನಿಂತು ನೋಡ್ಕೊಂಡ್ಯಂತೆ. ನಿಮ್ಮಪ್ಪ ಅಮ್ಮ ಪುಣ್ಯ ಮಾಡಿದಾರೆ.’

ಸು-ಯಿಂಗ್ ಕಡೆ ನೋಡಿದೆ. ಸೀಬೆಹಣ್ಣು ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಒಂದು ಹೋಳು ತಂದು ನನ್ನ ಮುಂದಿಟ್ಟಳು. ‘ತಿನ್ನು,’ ಅಂದಳು.

ತಿಂದೆ. ಈಗ ಹೇಳು, ಈಗ ಹೇಳು ಅಂತ ಒಳಗೆ ಒಂದೇ ಸಮನೆ. ಆಂಟಿ ನೂಡಲ್ಸ್ ಡಬ್ಬಿಗೆ ತುಂಬಿ ಕೈಗಿಟ್ಟು ಕೆಳಗಿನವರೆಗೂ ಕಳಿಸಲು ಬಂದರು, ಮುಂದಿನ ವಾರವೂ ಬಾ ಎಂದರು, ನಾನು ಹ್ಞೂಂ ಅಂದೆ, ಸ್ಕೂಟರ್ ಹತ್ತಿ ಬಂದುಬಿಟ್ಟೆ. ಹದಿನೇಳನ್ನು ಬರೆದವಳು ನಾನೇ ಎಂದು ಹೇಳಲೇ ಇಲ್ಲ.