ಬಾಗಿಲಾಚೆಯ ಟ್ರಂಪೆಟ್ಟು

ಕಿರಂಗೂರು
೧೯ ಜನವರಿ ೨೦೨೫

ಪ್ರೀತಿಯ ಚೈತ್ರಕ್ಕನಿಗೆ ನಿನ್ನ ತಮ್ಮ ಶಶಿಯ ನಮಸ್ಕಾರ.

ಇಲ್ಲಿ ಅವ್ವ, ನಾನು ಚೆನ್ನಾಗಿದ್ದೇವೆ. ಬಾಣಂತನ ಮುಗಿಸಿ ನೀನು ಮೈಸೂರಿಗೆ ಹೊರಟಾಗಲೇ ಬರೆಯುತ್ತೇನೆ ಅಂದಿದ್ದೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಬರೆಯುವಾಗ ಅಷ್ಟು ಸಿಟ್ಟು ಬರುವುದಿಲ್ಲ.

ಹೋದ ಭಾನುವಾರ ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಳೇ ಸಭಾಂಗಣದಲ್ಲಿ ಆರ್ಕೆಸ್ಟ್ರಾ ನಡೆಯಿತಲ್ಲ, ಕರಿ ಬಟ್ಟೆ ತೊಟ್ಟು ಸಾಲಾಗಿ ಕೂತ ಪಿಟೀಲಿನವರು, ಮೈಕಿಲ್ಲದೆ ಹಾಡಿದ ಗೋವಾದ ಹೆಂಗಸು. ನಡುವೆ ಹೊರಗಿನಿಂದ ಒಂದು ಟ್ರಂಪೆಟ್ಟು ಕೇಳಿಸಿತು. ಅದು ನಾನು.

ಆರ್ಕೆಸ್ಟ್ರಾ ನಡೆಸುವ ಧರ್ಮೇಂದ್ರ ಸರ್ ಪಾಂಡವಪುರದ ಮದುವೆಯೊಂದಕ್ಕೆ ಬಂದಿದ್ದಾಗ ನಮ್ಮ ಬ್ಯಾಂಡ್ ಸೆಟ್ ಕೇಳಿದ್ದರಂತೆ, ನನ್ನನ್ನು ಕರೆಸಿದರು. ಆ ಹಾಡು ಒಪೆರಾ ಅನ್ನುವ ಹಾಡುನಾಟಕದ್ದು. ದಂಡಿಗೆ ಹೋದವನಿಗೆ ಹುಡುಗಿ ಕಾಯುತ್ತಿರುತ್ತಾಳೆ, ದೂರದಲ್ಲಿ ಅವನ ಕಹಳೆ ಕೇಳಿಸುತ್ತದೆ. ಊದುವವನು ಕಾಣಿಸಬಾರದು, ಬಾಗಿಲಾಚೆ ನಿಲ್ಲಬೇಕು. "ನಂಗೆ ನೊಟೇಷನ್ ಓದಕ್ಕೆ ಬರಕಿಲ್ಲ ಸಾ, ಎಸ್ಸೆಲ್ಸಿನೂ ಅರ್ಧಕ್ಕೇ ಬುಟ್ಟೋನು" ಅಂದೆ. "ಕಿವಿ ಇದೆಯಲ್ಲಪ್ಪ, ಸಾಕು" ಅಂದು ಫೋನಿಗೆ ಹಾಡಿ ಕಳಿಸಿದರು. ನಾಲೆ ಏರಿಯ ಮೇಲೆ ನಿಂತು ಕಲಿತೆ.

ಆಚೆ ನಿಲ್ಲುವುದು ನಮಗೇನು ಹೊಸದೇ? ಮೆರವಣಿಗೆಯನ್ನು ಛತ್ರದ ಬಾಗಿಲಿಗೆ ಮುಟ್ಟಿಸುತ್ತೇವೆ. ಅವರು ಒಳಗೆ ಹೋಗುತ್ತಾರೆ, ನಾವು ಆಚೆ ಉಳಿಯುತ್ತೇವೆ. ಆದರೆ ಅಭ್ಯಾಸದ ದಿನ ಆ ಜೋರಿನಲ್ಲೇ ಊದಿಬಿಟ್ಟೆ. ಪಿಟೀಲಿನವರೆಲ್ಲ ನಕ್ಕರು. "ನಿಧಾನ ಮಾರಾಯ, ಅವಳ ಹುಡುಗ ಒಬ್ಬನೇ ಬರ್ತಿರೋದು, ದಿಬ್ಬಣ ಅಲ್ಲ" ಅಂದರು ಧರ್ಮೇಂದ್ರ ಸರ್.

ಬಟ್ಟೆಯದು ಇನ್ನೊಂದು ಕಥೆ. ನಮ್ಮ ಸೆಟ್ಟಿನ ಯಜಮಾನ ಮರಿಸ್ವಾಮಣ್ಣ ಬಿಡಲಿಲ್ಲ. "ಕೆಂಪು ಕೋಟು ಆಕ್ಕೊಂಡೇ ಓಗ್ಲಾ. ಬೆನ್ ಮೇಲೆ ಸೆಟ್ಟಿನ ಎಸ್ರೈತೆ, ನಾಕ್ ಜನ ನೋಡ್ಲಿ."

"ನಾನು ನಿಲ್ಲೋದು ಬಾಗಲಾಚೆ ಕಣಣ್ಣೋ, ಯಾರ್ ನೋಡ್ತಾರೆ?"

"ಕಂಬ ನೋಡ್ಲಿ, ಓಗ್ಲಾ."

ಅದನ್ನೇ ಹಾಕಿಕೊಂಡು ಹೋದೆ.

ಬಾಗಿಲ ಸಂದಿಯಿಂದ ನೋಡಿದರೆ ಮೂರನೇ ಸಾಲಿನಲ್ಲಿ ನೀನು, ಭಾವ, ನಿಮ್ಮತ್ತೆ. ಭಾವನ ಆಫೀಸಿಗೆ ಪಾಸು ಬಂದಿರಬೇಕು. ನೀನು ಬರುವುದು ನನಗೆ ಗೊತ್ತಿರಲಿಲ್ಲ, ನಾನು ಅಲ್ಲಿರುವುದು ನಿನಗೂ ಗೊತ್ತಿರಲಿಲ್ಲ. ಆ ಹೆಂಗಸು ಹಾಡಿ ನಿಲ್ಲಿಸಿದಳು. ನಾನು ಊದಿದೆ. ಧರ್ಮೇಂದ್ರ ಸರ್ ಹೇಳಿಕೊಟ್ಟದ್ದನ್ನು ಒಂದು ಕಡೆ ಬದಲಾಯಿಸಿಬಿಟ್ಟೆ. ಕೊನೆಯ ಸ್ವರವನ್ನು ಅಪ್ಪ ಎಳೆಯುತ್ತಿದ್ದ ಹಾಗೆ ಮೇಲಕ್ಕೆ ಎಳೆದು ಬಿಟ್ಟೆ. ಮದುವೆ ಮುಗಿಸಿ ಬರುವಾಗ ಅಪ್ಪ ನಾಲೆ ಏರಿಯಿಂದಲೇ ಹಾಗೆ ಊದಿದರೆ ನೀನು "ಅಪ್ಪ ಬಂತು, ಸಾರ್ ಬಿಸಿ ಮಾಡವ್ವೋ" ಅಂತ ಕೂಗುತ್ತಿದ್ದೆ.

ಹಾಡು ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಧರ್ಮೇಂದ್ರ ಸರ್ ಬಾಗಿಲಿಗೇ ಬಂದರು. "ಬಾ, ಒಳಗೆ ಬಂದು ನಮಸ್ಕಾರ ಮಾಡು. ಕೋಟಿನ ಯೋಚನೆಯಾದರೆ ಬಿಚ್ಚಿಟ್ಟು ಬಾ." ನಾನು ಹೋಗಲಿಲ್ಲ. ಬಿಚ್ಚಿಟ್ಟು ಹೋದರೆ ಅದು ಸುಳ್ಳು. ಹಾಕಿಕೊಂಡು ಹೋದರೆ ನಿಮ್ಮತ್ತೆಯ ಮುಂದೆ ನಿನಗೆ ಕಷ್ಟ. ಸಂಬಂಧ ಕೂಡಿಸುವಾಗ ಅವ್ವ ಅವರಿಗೆ "ನಮ್ಮೈದ ಡಿಪ್ಲೊಮಾ ಓದ್ತಾವ್ನೆ" ಅಂದದ್ದು ನಿನಗೆ ನೆನಪಿದೆ. ಅವರು ಬಾಣಂತಿಯನ್ನು ನೋಡಲು ಬಂದ ದಿನ ಅವ್ವ ನನ್ನ ಟ್ರಂಪೆಟ್ಟನ್ನು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತಿಟ್ಟಿದ್ದಳು. ಈಗಲೂ ಊದಿದರೆ ಒಂದೊಂದು ಕಾಳು ಹಾರುತ್ತದೆ.

ಮುಂದಿನ ತಿಂಗಳು ನಿಮ್ಮಲ್ಲಿ ನಾಮಕರಣವಂತೆ. "ಯಾವ ಸೆಮಿಸ್ಟರು ಅಂದ್ರೆ ಸುಮ್ನೆ ಒಂದ್ ನಂಬರ್ ಏಳ್ಬುಡ್ಲಾ" ಅನ್ನುತ್ತಾಳೆ ಅವ್ವ. ನಾನು ಹೇಳುವುದಿಲ್ಲ. ಕೇಳಿದರೆ ಬ್ಯಾಂಡಿನಲ್ಲಿದ್ದೇನೆ ಅನ್ನುತ್ತೇನೆ. ಅದಕ್ಕೆ ನೀನು ಒಪ್ಪುವುದಾದರೆ ಕರೆ, ಇಲ್ಲವಾದರೆ ಬೇಡ. ಅವ್ವನೊಬ್ಬಳೇ ಬರುತ್ತಾಳೆ. ನಾನು ಆ ದಿನ ಕೆ.ಆರ್. ಪೇಟೆಯ ಮದುವೆಗೆ ಹೋಗುತ್ತೇನೆ.

ಕೂಸು ರಾತ್ರಿ ಅಳುವುದು ಕಡಿಮೆಯಾಯಿತೇ? ಅದಕ್ಕೆ ಸೋದರಮಾವನ ಆಶೀರ್ವಾದ ತಿಳಿಸು. ಗಟ್ಟಿ ಗಂಟಲಾಗಲಿ. ಭಾವನಿಗೆ ನಮಸ್ಕಾರ.

ನಿನ್ನ ತಮ್ಮ,
ಶಶಿ

ಮರೆತದ್ದು: ಇದನ್ನು ಬರೆಯುವುದು ಬೇಡ ಅಂದುಕೊಂಡಿದ್ದೆ. ಕಚೇರಿ ಮುಗಿದು ಭಾವ ಕಾರು ತರಲು ಹೋದಾಗ ನೀನು, ನಿಮ್ಮತ್ತೆ ಜಗಲಿಯ ಮೇಲೆ ನಿಂತಿದ್ದಿರಿ. "ಆಚೆಯಿಂದ ಊದ್ದೋನು ಯಾರವ್ವಾ? ಎದೆ ಜುಮ್ ಅಂದ್ಬುಡ್ತು" ಅಂದರು ಅವರು. ನೀನು "ಯಾರೋ ಕಾಣೆ ಕಣತ್ತೆ, ಬಾಡಿಗೆ ಬ್ಯಾಂಡಿನೋನಿರ್ಬೇಕು" ಅಂದೆ. ನಿನಗೆ ಗೊತ್ತಾಗಲಿಲ್ಲವೇನೋ ಅಂದುಕೊಂಡಿರಬಹುದಿತ್ತು. ಆದರೆ ಆ ಕೊನೆಯ ಸ್ವರಕ್ಕೆ ಸಭೆಯೆಲ್ಲ ಹಾಡುವವಳನ್ನೇ ನೋಡುತ್ತಿದ್ದಾಗ ನೀನೊಬ್ಬಳೇ ಬಾಗಿಲ ಕಡೆ ತಿರುಗಿದೆ, ಅಕ್ಕ. ಸಂದಿಯಿಂದ ನೋಡಿದೆ. ನೀನು ಹಾಗೆ ಅಂದಾಗ ನಾನು ಕಂಬದ ಹಿಂದೆ ಇದ್ದೆ, ಕೋಟು ತೊಟ್ಟುಕೊಂಡೇ.