ಎಂದೂ ಇರದ ನಿಷೇಧಕ್ಕೆ ಆರು ತಿಂಗಳು

ಸ್ಥಿರಯುಗದ ನಲವತ್ತೊಂದನೇ ವರ್ಷ, ಹದಿಮೂರನೇ ತಿಂಗಳ ಎಪ್ಪತ್ತನೇ ದಿನ
ತುಂಗಭದ್ರೆಯ ಎಡದಂಡೆ, ಏಳನೇ ವಸತಿ

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ ನೀಲಾಂಬಿಕೆಯ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ನನಗೆ ತಲೆಕೆಟ್ಟಿದೆ ಎಂದುಕೊಳ್ಳಬೇಡಿ. ವರ್ಷದ ಗುರಿಯನ್ನು ವರ್ಷದೊಳಗೇ ಮುಟ್ಟಬೇಕೆಂಬುದು ನಮ್ಮನ್ನಾಳುವ ಮಂಡಳಿಯ ನಿಯಮ. ಮುಟ್ಟದಿದ್ದರೆ ವರ್ಷವನ್ನೇ ಮುಗಿಸುವುದಿಲ್ಲ; ಹಾಗೆ ಎಳೆದ ದಿನಗಳೆಲ್ಲ ಹದಿಮೂರನೇ ತಿಂಗಳು. ಈ ಸಲ ಅದಿರಿನ ಗುರಿ ಬಾಕಿಯಿದೆ, ಹಾಗಾಗಿ ಎಪ್ಪತ್ತು ದಿನಗಳಿಂದ ಇಲ್ಲಿ ಯಾರಿಗೂ ವಯಸ್ಸಾಗಿಲ್ಲ. ನನ್ನ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಬದಲಾವಣೆ ಎನ್ನುವುದನ್ನು ನಾವು ಸ್ಪಷ್ಟನೆ ಎನ್ನುತ್ತೇವೆ. ಮಂಡಳಿಯ ನೀತಿ ಎಂದೂ ಬದಲಾಗುವುದಿಲ್ಲ, ಸ್ಪಷ್ಟವಾಗುತ್ತದೆ ಅಷ್ಟೆ.

ನಾನು ಪುಟಗಾರ್ತಿ. ಪ್ರತಿ ಕಚೇರಿಯಲ್ಲೂ ದಾರದಿಂದ ಹೊಲಿದ ಒಂದು ನಿಯಮಪುಸ್ತಕ ಇರುತ್ತದೆ. ಸ್ಪಷ್ಟನೆ ಬಂದ ದಿನ ಹಳೆಯ ಪುಟ ಬಿಚ್ಚಿ, ಹೊಸದನ್ನು ಹೊಲಿದು, ಹಳೆಯದನ್ನು ಒಲೆಗೆ ಹಾಕುವುದು ನನ್ನ ಕೆಲಸ. ಹೊಸ ಪುಟದ ಮೇಲೂ ತಾರೀಖು ಮಾತ್ರ ಮೊದಲ ವರ್ಷದ್ದೇ. ನೀತಿ ಬದಲಾಗುವುದು ಮೇಲಿನವರ ಅಪ್ಪಣೆಯಿಂದ ಎಂದು ನೀವು ತಿಳಿದಿರಬಹುದು. ನಾನು ಕಂಡದ್ದು ಬೇರೆ. ನಮ್ಮಲ್ಲಿ ಊಟವೆಲ್ಲ ಸಮಪಾಕದಿಂದ, ಅಂದರೆ ವಸತಿಗೊಂದೇ ಅಡುಗೆಮನೆಯಿಂದ ಬರಬೇಕಿತ್ತು. ಮಾಳಿಗೆಯ ಮೇಲೆ ಯಾರೂ ತರಕಾರಿ ಬೆಳೆಯುವಂತಿರಲಿಲ್ಲ. ಮೂವತ್ತನೇ ವರ್ಷ ಸಮಪಾಕದ ಸಾರು ಬರೀ ನೀರಾಯಿತು. ಮೂರನೇ ವಸತಿಯ ತನಿಖೆದಾರನೊಬ್ಬ ಕತ್ತೆತ್ತಿ ಮಾಳಿಗೆ ನೋಡುವುದನ್ನು ಬಿಟ್ಟ. ಅವನಿಗೇನೂ ಆಗಲಿಲ್ಲವೆಂದು ಕಂಡು ಪಕ್ಕದವನೂ ಬಿಟ್ಟ. ಕೊನೆಗೆ ಮಂಡಳಿಯೇ, ಮನೆಗೆ ನಾಲ್ಕು ಬಳ್ಳಿ ಬೆಳೆಯಿರಿ ಎಂದು ತಾನು ಮೊದಲಿನಿಂದಲೂ ಹೇಳುತ್ತಿದ್ದೇನೆಂದು ಸ್ಪಷ್ಟಪಡಿಸಿತು. ಈಗ ಬಳ್ಳಿ ಕಾಣದ ಮನೆಗೆ ನೋಟೀಸು ಬರುತ್ತದೆ. ನಿನ್ನೆ ಹೀಗಿರಲಿಲ್ಲವಲ್ಲ ಎನ್ನಲು ಯಾರೂ ಬಾಯಿ ಬಿಡುವುದಿಲ್ಲ, ಆದ್ದರಿಂದ ಎಲ್ಲವೂ ಸ್ಥಿರವಾಗಿದೆ.

ಆ ಸ್ಪಷ್ಟನೆಗೆ ಮೂರು ತಿಂಗಳ ಮುಂಚೆ ನನ್ನ ತಮ್ಮ ಬಸವಂತನನ್ನು ಹಿಡಿದಿದ್ದರು. ಮಾಳಿಗೆಯಲ್ಲಿ ಹೀರೆಬಳ್ಳಿ ಹಬ್ಬಿಸಿದ್ದ. ಶಿಕ್ಷೆ ಆರು ತಿಂಗಳು, ಕಲ್ಲುಗಣಿಯಲ್ಲಿ. ಹೊಸ ಪುಟ ಕೈಗೆ ಬಂದಾಗ ನನಗಾದ ಸಂತೋಷ ಹೇಳತೀರದು. ಹಳೆಯ ಪುಟವನ್ನು ಅಂದೇ, ಎಲ್ಲಕ್ಕಿಂತ ಮೊದಲು ಸುಟ್ಟೆ. ವಾರದೊಳಗೆ ಬರುತ್ತಾನೆಂದು ಅವನ ಅಂಗಿ ಒಗೆದಿಟ್ಟೆ. ಬರಲಿಲ್ಲ. ಆರು ತಿಂಗಳು ಕಳೆದರೂ ಬರಲಿಲ್ಲ. ಯಾವ ಪುಟದ ಪ್ರಕಾರ ಶಿಕ್ಷೆ ಮುಗಿಯಿತೆಂದು ಬಿಡುಗಡೆಯ ಆದೇಶದಲ್ಲಿ ಬರೆಯಬೇಕೋ, ಆ ಪುಟವೇ ಇರಲಿಲ್ಲ. ಗಣಿಯ ಅಧಿಕಾರಿ ರೇವಣಸಿದ್ದಪ್ಪ ಕೆಟ್ಟವನಲ್ಲ. ಕುರ್ಚಿ ಕೊಟ್ಟು ಕೂರಿಸಿ, "ಅಕ್ಕಾರ, ಬಳ್ಳಿ ಹಚ್ಚಿದ್ದಕ್ಕ ನಾವು ಯಾರನ್ನೂ ಹಿಡಿದಿಲ್ರಿ. ನಿಮ್ಮ ತಮ್ಮ ಬ್ಯಾರೆ ಏನರ ಮಾಡಿರಬೇಕು. ಏನಂತ ನೀವ ನೆನಪ ಮಾಡ್ಕೊಂಡು ಬರ್ರಿ, ಬಿಡಾಕ ನೋಡೂಣು" ಎಂದ. ಇದಾಗಿ ಹನ್ನೊಂದು ವರ್ಷ. ನಿಷೇಧ ಇನ್ನೂ ಮೂರು ತಿಂಗಳು ಉಳಿದಿದ್ದರೆ ಅವನು ಮನೆಗೆ ಬಂದಿರುತ್ತಿದ್ದ. ನಿಷೇಧ ಹೋದದ್ದೇ ಅವನಿಗೆ ಮುಳುವಾಯಿತು, ಆ ಪುಟವನ್ನು ಸುಟ್ಟವಳು ನಾನು.

ಅಂದಿನಿಂದ ಪ್ರತಿ ರಜೆಯಲ್ಲೂ ಕಚೇರಿಯಿಂದ ಕಚೇರಿಗೆ ಅಲೆದೆ. ಎಲ್ಲ ಕಡೆಯ ಪುಟಗಾರರೂ ನನ್ನಷ್ಟೇ ನಿಷ್ಠಾವಂತರು, ಏನು ಹೇಳಲಿ! ಕಳೆದ ವಾರ ದೋಣಿಕಟ್ಟೆಯ ಕಚೇರಿಯಲ್ಲಿ ಒಬ್ಬ ಸೋಮಾರಿಯ ಪುಸ್ತಕ ಸಿಕ್ಕಿತು. ಪುಣ್ಯಾತ್ಮ ಈಗಿಲ್ಲ. ಹೊಲಿಗೆ ಬಿಚ್ಚುವ ಗೋಜಿಗೇ ಹೋಗದೆ, ಹಳೆಯದರ ಮೇಲೆ ಗಂಜಿ ಬಳಿದು ಹೊಸದನ್ನು ಅಂಟಿಸಿಬಿಟ್ಟಿದ್ದ. ಒದ್ದೆ ಬಟ್ಟೆ ಹಾಸಿ ನಿಧಾನವಾಗಿ ಎಬ್ಬಿಸಿದೆ. ಕೆಳಗೆ ನಿಷೇಧದ ಪುಟ ಇಡಿಯಾಗಿತ್ತು, ಮಂಡಳಿಯ ಮುದ್ರೆಯ ಜೊತೆಗೆ, ಆರು ತಿಂಗಳು ಎಂಬ ಸಾಲಿನ ಜೊತೆಗೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಇವತ್ತು ಮಧ್ಯಾಹ್ನ ಓದುಸಭೆ. ವಸತಿಯ ಜನರೆದುರು ನಿಯಮಪುಸ್ತಕಗಳನ್ನು ಗಟ್ಟಿಯಾಗಿ ಓದುವ ಸಭೆ ಅದು. ಅಲ್ಲಿ ಓದಿದ್ದನ್ನು ಅಂದೇ ಜಾರಿ ಮಾಡಬೇಕು. ದೋಣಿಕಟ್ಟೆಯ ಪುಸ್ತಕ ಓದುವ ಸರದಿಯನ್ನು ನಾನೇ ಕೇಳಿ ಪಡೆದಿದ್ದೇನೆ. ಆ ಪುಟ ಓದುತ್ತೇನೆ, ಬಸವಂತನ ಹೆಸರು ಹೇಳುತ್ತೇನೆ, ಅವನ ಆರು ತಿಂಗಳು ಎಂದೋ ಮುಗಿದಿದೆ ಎನ್ನುತ್ತೇನೆ. ಅವರು ಅವನನ್ನು ಬಿಡಬೇಕು, ಇಲ್ಲವೇ ನೀತಿ ಬದಲಾಗಿತ್ತೆಂದು ಎಲ್ಲರೆದುರು ಒಪ್ಪಬೇಕು. ಒಪ್ಪಿದರೂ ಬಿಡಲೇಬೇಕಾಗುತ್ತದೆ. ನನ್ನನ್ನೂ ಗಣಿಗೆ ಅಟ್ಟುವ ದಾರಿಯೊಂದು ಅವರಿಗೆ ಇದ್ದೇ ಇದೆ. ಅದಕ್ಕೆಂದು ಗಟ್ಟಿಮುಟ್ಟಾದ ಚಪ್ಪಲಿ ಹಾಕಿಕೊಂಡಿದ್ದೇನೆ.

ನಿಮ್ಮ ಕಾಲದಲ್ಲಿ ಸರಕಾರ ಮಾತು ಬದಲಿಸಿದರೆ ಜನ ಬೀದಿಯಲ್ಲಿ ನಿಂತು ಬೈಯುತ್ತಿದ್ದರಂತೆ. ಎಂಥ ಭಾಗ್ಯ ನಿಮ್ಮದು! ಅದನ್ನು ಬಿಡಬೇಡಿ. ಹೊಸ ಆದೇಶ ನಿಮಗೆ ಹಿತವಾಗಿದ್ದರಂತೂ ಇನ್ನೂ ಎಚ್ಚರವಾಗಿರಿ. ಹಳೆಯದರಲ್ಲಿ ಯಾರು ಸಿಕ್ಕಿಕೊಂಡಿದ್ದಾರೆಂದು ವಿಚಾರಿಸಿ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಹೊರಗೆ ಕರೆಸಿ, ಆಮೇಲೆ ಸಂಭ್ರಮಪಡಿ. ನಾನು ಮೊದಲೇ ಸಂಭ್ರಮಪಟ್ಟೆ.

ಜನ ಸೇರುತ್ತಿದ್ದಾರೆ, ಹೊರಡುತ್ತೇನೆ.

ನೀಲಾಂಬಿಕೆ, ಬಸವಂತನ ಅಕ್ಕ