ಇಳಾ ತಟ್ಟೆ ಬಿಟ್ಟು ಎದ್ದ ಮಧ್ಯಾಹ್ನ

ಗದಗ, ೩೧ ನವೆಂಬರ್ ೨೧೯೪

‘ತಡೆದು ನಿಂತವಳೇ ದಡ ಸೇರಿದವಳು’ ಎಂದೋ, ‘ದಡ ಕಂಡವಳು’ ಎಂದೋ, ನಿಮ್ಮ ಕಾಲದ ಒಂದು ಸಾಲು ಬೆಳಗಿನಿಂದ ತಲೆಯಲ್ಲಿದೆ. ಪೂರ್ತಿ ನೆನಪಿಲ್ಲ. ನೆನಪಿದ್ದಷ್ಟೂ ನಿಜವೆನಿಸುತ್ತಿಲ್ಲ. ತಡೆದು ನಿಲ್ಲಲಾರದವರು ಏನು ಮಾಡಬೇಕು?

ಬಹು ತಲೆಮಾರುಗಳ ಹಿಂದಿನವರೇ, ನವೆಂಬರಿಗೆ ಮೂವತ್ತೊಂದನೆಯ ದಿನ ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ನಾವು ಕ್ಯಾಲೆಂಡರ್ ತಿದ್ದಿ ಬಹಳ ಕಾಲವಾಯಿತು. ನನ್ನ ಕೆಲವು ಪದಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ.

ನನ್ನ ಮಗಳು ಇಳಾ ದುಡುಕಿನ ಹುಡುಗಿ. ಅನಿಸಿದ್ದನ್ನು ಮಾಡಲು ಅವಳಿಗೆ ಕ್ಷಣವೂ ಬೇಡ. ಸಿಕ್ಕಿದ್ದನ್ನೆಲ್ಲ ಗಬಗಬನೆ ತಿನ್ನುವುದು, ಆಮೇಲೆ ನಾಚಿಕೆಯಿಂದ ಕಕ್ಕುವುದು, ಇಲ್ಲವೇ ಉಪವಾಸ ಬೀಳುವುದು. ಈ ಕಾಯಿಲೆ ನಿಮ್ಮಲ್ಲೂ ಇತ್ತು. ದುಡುಕಿನವರು ಚಿಕಿತ್ಸೆಯನ್ನೂ ಅಷ್ಟೇ ದುಡುಕಿ ಬಿಟ್ಟುಬಿಡುತ್ತಾರೆ. ಅದಕ್ಕೇ ನಮ್ಮ ಚಿಕಿತ್ಸೆಯ ಮನೆಗೆ ‘ಮರುಬಾಗಿಲು’ ಎಂದು ಹೆಸರು. ಅಲ್ಲಿ ಹೋಗುವವರನ್ನು ತಡೆಯುವುದಿಲ್ಲ, ಹಿಂತಿರುಗಿದವರನ್ನು ಕಾರಣ ಕೇಳುವುದಿಲ್ಲ. ಊಟಕ್ಕಿಂತ ಮೊದಲು ದುಡುಕಿಗೇ ಮದ್ದು: ಮನಸ್ಸಿಗೂ ಕೈಗೂ ನಡುವೆ ಒಂದು ಉಸಿರಿನಷ್ಟು ಜಾಗ ಮಾಡಿಕೊಳ್ಳಲು ಕಲಿಸುತ್ತಾರೆ. ಓಣಿಯಲ್ಲೊಬ್ಬರು ‘ಬೆನ್ನಜೊತೆ’ ಆಗುತ್ತಾರೆ. ಎಂದರೆ, ಓಡಿದವಳ ಹಿಂದೆ ಕೂಗದೆ, ಹಿಡಿಯದೆ ನಡೆಯುವವರು. ಇಂಥ ಕಾಯಿಲೆಯವರಿರುವ ಓಣಿಯಲ್ಲಿ ಯಾರೂ ಯಾರನ್ನೂ ‘ಊಟ ಆತೇನ?’ ಎಂದು ಕೇಳುವುದಿಲ್ಲ. ‘ಬಿಸಲು ಹೆಂಗೈತಿ?’ ಎನ್ನುತ್ತೇವೆ, ಮೋಡ ಕವಿದ ದಿನವೂ.

ಇಳಾಳ ಬೆನ್ನಜೊತೆ ಪಕ್ಕದ ಮನೆಯ ಸಾವಂತ್ರವ್ವ. ಕಳೆದ ವಾರ ಇಳಾ ಮರುಬಾಗಿಲು ಬಿಟ್ಟು ಬಂದಳು, ಇನ್ನು ಅಲ್ಲಿಗೆ ಕಾಲಿಡುವುದಿಲ್ಲ ಎಂದಳು. ಎದೆಬಡಿತ ಏರುಪೇರಾಗಿದೆ, ತಡವಾದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಹೇಳಿದ್ದರು. ಒತ್ತಾಯಿಸಬೇಡಿ ಎಂಬುದೂ ಅವರದೇ ಮಾತು. ಇವತ್ತು ಮಧ್ಯಾಹ್ನ ರೊಟ್ಟಿ, ಮಡಿಕೆಕಾಳಿನ ಪಲ್ಯ ಬಡಿಸಿದೆ. ಅವಳು ನಿಧಾನವಾಗಿ ಅರ್ಧ ರೊಟ್ಟಿ ತಿಂದಿದ್ದಳು. ಕಿಟಕಿಯಲ್ಲಿ ಅದನ್ನು ಕಂಡ ಸಾವಂತ್ರವ್ವನಿಗೆ ಸಂತೋಷ ತಡೆಯಲಾಗಲಿಲ್ಲ. “ಉಣ್ಣಾಕತ್ತೀಯೇನ ನನ್ನ ಬಂಗಾರ? ಉಣ್ಣು, ಹೊಟ್ಟಿ ತುಂಬ ಉಣ್ಣು!” ಎಂದುಬಿಟ್ಟರು. ಇಳಾ ತಟ್ಟೆ ನೂಕಿ, ಬರಿಗಾಲಲ್ಲೇ ಓಡಿದಳು. ಸಾವಂತ್ರವ್ವ ನಾಲಿಗೆ ಕಚ್ಚಿಕೊಂಡು ಹಿಂದೆ ಹೋದರು. ನಾನು ಹೋಗುವಂತಿಲ್ಲ, ಅದು ಮರುಬಾಗಿಲಿನ ನಿಯಮ. ಕೈ ಸುಮ್ಮನಿರಲಾರದೆ ನಿಮಗೆ ಬರೆಯುತ್ತಿದ್ದೇನೆ.

ಒಂದು ಕೋರಿಕೆ. ನಡುವೆ ಬಿಟ್ಟು ಹೋದವರಿಗೆ ಚಿಕಿತ್ಸೆ ಹತ್ತಲಿಲ್ಲವೆಂದು ಬರೆದುಬಿಡಬೇಡಿ. ಇಷ್ಟವಿಲ್ಲ ಎಂದು ಎದ್ದವರು ಇನ್ನೊಂದು ಕ್ಷಣದಲ್ಲಿ ಬೇಕು ಎನ್ನಬಹುದು. ಆ ಕ್ಷಣಕ್ಕೆ ಬಾಗಿಲು ತೆರೆದಿರಲಿ. ಅಂಥವರ ಮಕ್ಕಳ ಮಕ್ಕಳು ನಾವು.

ಸಾವಂತ್ರವ್ವ ಬಂದರು. ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದಾರೆ.

“ನನ್ನ ಬಾಯಿಗಿಷ್ಟು ಬೆಂಕಿ ಹಾಕ ಯವ್ವಾ, ಆದ್ರ ಮೊದಲ ಕೇಳ ಇಲ್ಲೆ. ಓಡಿದ್ಲು, ಅತ್ಲು, ಕೆರಿ ದಂಡಿಮ್ಯಾಲ ಚೂರು ನಿಂತ್ಲು. ಆಮ್ಯಾಲ ತಾನ ತಿರುಗಿ ಮರುಬಾಗಿಲಿಗೆ ಹೋಗಿ ಒಳಗ ಕುಂತಾಳ. ‘ಅವ್ವಗ ನನ್ನ ಅರಿವಿ-ಬಟ್ಟಿ ಕಳಸಾಕ ಹೇಳು’ ಅಂದ್ಲು.”